ಬೆರಳಿನ ನಾರುಗಂಟನ್ನು ನಾನು ತೆಗೆಯುವ ಬಗೆ

ಬೆರಳಿನ ಮೇಲೆ ಗಟ್ಟಿಯಾಗಿ ಏನೇ ಎದ್ದರೂ ಅದನ್ನು ನರಹುಲಿ ಎಂದುಬಿಡುತ್ತಾರೆ. ಚರ್ಮವೈದ್ಯನಾದ ನನ್ನ ಬಳಿ ಬರುವಷ್ಟರಲ್ಲಿ ಅನೇಕರು ಮುಲಾಮು ಹಚ್ಚಿ, ಸುಡಿಸಿ, ದಾರ ಕಟ್ಟಿ ಬೇಸತ್ತಿರುತ್ತಾರೆ. ಈಚೆಗೆ ಬಂದ ಮಧ್ಯವಯಸ್ಕರೊಬ್ಬರ ತೋರುಬೆರಳಿನ ಗಂಟನ್ನು ಬೇರೆಡೆ ಚರ್ಮದ ಮಟ್ಟಕ್ಕೆ ಹೆರೆದು ತೆಗೆದಿದ್ದರು. ಬುಡ ಒಳಗೇ ಉಳಿದಿತ್ತು. ಗಂಟು ಮತ್ತೆ ಬೆಳೆದಿತ್ತು.

ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದೆ. ನರಹುಲಿಯಲ್ಲಿ ಕಾಣುವ ಕಪ್ಪು ಚುಕ್ಕೆಗಳಿರಲಿಲ್ಲ. ನಯವಾದ, ಚರ್ಮದ್ದೇ ಬಣ್ಣದ ಗುಬುಟು, ಅದರ ಬುಡದ ಸುತ್ತ ತುಸು ಉಬ್ಬಿದ ಚರ್ಮದ ಬಳೆ. ಆ ಬಳೆ ಕಂಡೊಡನೆ ನನ್ನ ಮನಸ್ಸಿಗೆ ಬರುವ ಹೆಸರು ಫೈಬ್ರೊಕೆರಟೋಮಾ, ಅಂದರೆ ನಾರುಗಂಟು. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ಸಾಮಾನ್ಯವಾಗಿ ವಯಸ್ಕರಲ್ಲಿ, ಒಂಟಿಯಾಗಿ ಏಳುತ್ತದೆ. ಉಗುರಿನ ಸುತ್ತ ಇಂಥವು ಒಂದಕ್ಕಿಂತ ಹೆಚ್ಚಿದ್ದರೆ ಮಾತ್ರ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಸಂದೇಹ ಬರುತ್ತದೆ. ಹಾಗಾಗಿ ಕೈಕಾಲುಗಳ ಎಲ್ಲ ಉಗುರುಗಳನ್ನೂ ನೋಡಿ, ಆ ಕಾಯಿಲೆಯಲ್ಲಿ ಬರುವ ಮೂರ್ಛೆಯ ಬಗ್ಗೆ ವಿಚಾರಿಸಿಯೇ ಮುಂದುವರಿಯುತ್ತೇನೆ.

ಬೆರಳಿನ ಬುಡದ ಎರಡೂ ಬದಿಗೆ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಮದ್ದು ಚುಚ್ಚಿದ ಮೇಲೆ ಬೆರಳು ಪೂರ್ತಿ ಮರಗಟ್ಟುವವರೆಗೆ ಕಾಯುತ್ತೇನೆ. ಆತುರಪಟ್ಟರೆ ಮೊದಲ ಗೀರಿಗೇ ರೋಗಿ ಕೈ ಎಳೆದುಕೊಳ್ಳುತ್ತಾರೆ. ಆಮೇಲೆ ರಕ್ತ ತಡೆಯಲು ರಬ್ಬರ್ ಪಟ್ಟಿ ಬಿಗಿದು, ಕಣ್ಣಿಗೆ ರಾಚುವಂತೆ ಅದಕ್ಕೊಂದು ದೊಡ್ಡ ಇಕ್ಕಳ ಸಿಕ್ಕಿಸುತ್ತೇನೆ. ಡ್ರೆಸ್ಸಿಂಗ್ ಒಳಗೆ ಮರೆತುಹೋದ ಪಟ್ಟಿ ಬೆರಳನ್ನೇ ಬಲಿ ತೆಗೆದುಕೊಳ್ಳಬಲ್ಲದು. ಸಹಾಯಕರು ಇದನ್ನು ಅತಿಯೆನ್ನುತ್ತಾರೆ, ಅನ್ನಲಿ.

ಬಳೆಯನ್ನೂ ಸೇರಿಸಿ ಎಲೆಯಾಕಾರದಲ್ಲಿ ಕೊಯ್ದು, ಗಂಟನ್ನು ಮೇಲಕ್ಕೆತ್ತಿ, ಬಿಳಿಯ ನಾರು ಮುಗಿದು ಹಳದಿ ಕೊಬ್ಬು ಕಾಣುವವರೆಗೂ ಬಿಡಿಸಿದೆ. ಬೆರಳಿನ ಪಕ್ಕಗಳಲ್ಲಿ ನರವೂ ರಕ್ತನಾಳವೂ ಜೊತೆಯಾಗಿ ಸಾಗುವುದರಿಂದ ಅಲ್ಲಿ ಅಲಗನ್ನು ಆಳಕ್ಕೆ ಬಿಡುವುದಿಲ್ಲ. ನಂತರ ಪಟ್ಟಿ ಬಿಚ್ಚಿ, ರಕ್ತ ನಿಂತದ್ದನ್ನು ನೋಡಿಕೊಂಡು ನೈಲಾನ್ ಹೊಲಿಗೆ ಹಾಕಿದೆ.

ಉಗುರಿನ ಬುಡದಲ್ಲಿ ಎದ್ದ ಗಂಟು ಇನ್ನೂ ಹಟಮಾರಿ. ಅದು ಉಗುರು ಹುಟ್ಟುವ ಜಾಗವನ್ನು ಒತ್ತಿ ಉಗುರಿನುದ್ದಕ್ಕೂ ಕಾಲುವೆ ಕೊರೆಯುತ್ತದೆ. ಅಲ್ಲಿ ಉಗುರಿನ ಮೇಲಿನ ಚರ್ಮದ ಮಡಿಕೆಯನ್ನು ಎತ್ತಿ ಬೇರು ಹುಡುಕಬೇಕು. ಆ ಕಾಲುವೆ ಅಳಿಯಲು ಹೊಸ ಉಗುರು ಪೂರ್ತಿ ಬೆಳೆಯಬೇಕು, ಅಂದರೆ ಸುಮಾರು 6 ತಿಂಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಎಷ್ಟೇ ಖಚಿತವಿದ್ದರೂ ತೆಗೆದ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಇವರ ವರದಿಯಲ್ಲೂ ದಪ್ಪಗಾದ ಮೇಲ್ಪದರದಡಿ ನೆಟ್ಟಗೆ ನಿಂತ ಕೊಲಾಜನ್ ಎಂಬ ನಾರಿನ ಕಟ್ಟುಗಳೇ ಇದ್ದವು, ಅದೇ ನಾರುಗಂಟಿನ ಗುರುತು. ಅಂಚುಗಳಲ್ಲಿ ಗಂಟಿನ ಅಂಶ ಉಳಿದಿರಲಿಲ್ಲ.