ಇಲ್ಲದ ಗೋಡೆಗೆ ಕೈ ಒತ್ತಿ ಕಲಿತ ಕಂಟ್ರೋಲ್ ಸಿಸ್ಟಮ್ಸ್

ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಹುಡುಗರಿಗೆ ಕಂಟ್ರೋಲ್ ಸಿಸ್ಟಮ್ಸ್, ಅಂದರೆ ಯಂತ್ರಗಳನ್ನು ಹಿಡಿತದಲ್ಲಿಡುವ ವಿದ್ಯೆ, ಪಾಠ ಮಾಡುತ್ತೇನೆ. ಸ್ಪ್ರಿಂಗ್, ಡ್ಯಾಂಪರ್ (ಚಲನೆಯ ವೇಗಕ್ಕೆ ತಕ್ಕಂತೆ ತಡೆಯೊಡ್ಡುವ ಭಾಗ) ಲೆಕ್ಕ ಎಲ್ಲರೂ ಬಿಡಿಸುತ್ತಾರೆ. ಆ ತಡೆ, ಅಂದರೆ ಡ್ಯಾಂಪಿಂಗ್, ಜಾಸ್ತಿಯಾದರೆ ಕೈಗೆ ಹೇಗನಿಸುತ್ತದೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಅದಕ್ಕೇ ಲ್ಯಾಬಿನಲ್ಲಿ ಹ್ಯಾಪ್ಟಿಕ್ ಪ್ಯಾಡಲ್, ಅಂದರೆ ಮೋಟರಿನ ಬಲವನ್ನು ಕೈಗೆ ಮುಟ್ಟಿಸುವ ಹಿಡಿಕೆ, ಮಾಡಿಕೊಂಡೆವು.

1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠಕ್ಕೆಂದೇ ಹುಟ್ಟಿದ ಸಾಧನ ಇದು. ಆಮೇಲೆ ಅಲ್ಲಿನ ಪ್ರಾಧ್ಯಾಪಕಿ ಅಲಿಸನ್ ಒಕಾಮುರಾ ಅವರ ತಂಡ ‘ಹ್ಯಾಪ್‌ಕಿಟ್’ ಹೆಸರಿನಲ್ಲಿ ಅದರ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಒಂದು ಹಿಡಿಕೆ, ಡಿಸಿ ಮೋಟರ್, ಹಿಡಿಕೆ ಎಲ್ಲಿದೆ ಅಂತ ಹೇಳುವ ಸೆನ್ಸರ್, ಪ್ರೋಗ್ರಾಂ ಓಡಿಸುವ ಆರ್ಡುಯಿನೊ ಥರದ ಪುಟ್ಟ ಸರ್ಕ್ಯೂಟ್ ಬೋರ್ಡ್. ಅಕ್ರಿಲಿಕ್ ತುಂಡುಗಳನ್ನು ಗೋಕುಲ ರಸ್ತೆ ಕಡೆ ಕತ್ತರಿಸಿಕೊಂಡು ಬಂದೆವು. ಗೇರ್ ಇರುವ ಮೋಟರ್ ಮಾತ್ರ ಬೇಡವೇ ಬೇಡ. ಗೇರಿನ ಘರ್ಷಣೆಯೇ ಕೈಗೆ ಹತ್ತುತ್ತದೆ, ಬೇಕಾದ್ದು ಗೊತ್ತಾಗುವುದಿಲ್ಲ.

ಮೊದಲ ಪ್ರಯೋಗ, ಇಲ್ಲದ ಗೋಡೆ. ಹಿಡಿಕೆ ಒಂದು ಗೆರೆ ದಾಟಿದರೆ ಮೋಟರ್ ವಾಪಸ್ ನೂಕುತ್ತದೆ. ಎಷ್ಟು ಒಳಗೆ ಹೋದರೆ ಅಷ್ಟು ಜೋರು. ಸ್ಪ್ರಿಂಗಿನ ಸೂತ್ರವೇ ಅಲ್ವಾ? ಬಿಗಿತ ಕಮ್ಮಿಯಿದ್ದರೆ ಸ್ಪಂಜು, ಏರಿಸಿದರೆ ಕಲ್ಲು. ಕಲ್ಲಾಗಲಿ ಅಂತ ಹುಡುಗರು ಏರಿಸುತ್ತಲೇ ಹೋಗುತ್ತಾರೆ.

“ಸರ್, ಇದು ಗುರ್ ಅನ್ನಾಕತ್ತೈತ್ರಿ!”

ನಾನು ಕಾಯುವುದೇ ಈ ಮಾತಿಗೆ. ಒಂದು ಗುಂಪಿನ ಗೋಡೆ ಬಿಗಿತ ಕಮ್ಮಿಯಿದ್ದರೂ ನಡುಗುತ್ತಿತ್ತು. ಪ್ರೋಗ್ರಾಂ ತೆಗೆಸಿ ನೋಡಿದರೆ ಲೂಪಿನೊಳಗೆ (ಸೆನ್ಸರ್ ಓದಿ ಮೋಟರ್‌ಗೆ ಹೇಳುವ, ಮತ್ತೆ ಮತ್ತೆ ತಿರುಗುವ ಭಾಗ) ಸೀರಿಯಲ್ ಪ್ರಿಂಟ್, ಅಂದರೆ ಅಂಕಿಗಳನ್ನು ಕಂಪ್ಯೂಟರ್‌ಗೆ ಕಳಿಸುವ ಸಾಲು, ಇತ್ತು. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್ ವೇಗ) ಒಂದು ಅಕ್ಷರ ಹೋಗಲು ಸುಮಾರು 1 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 1000 ಸಲ ತಿರುಗಬೇಕಾದ ಲೂಪು ಆರೇಳು ಅಕ್ಷರ ಕಳಿಸುತ್ತ ಕೂತರೆ 150ರ ಆಸುಪಾಸಿಗೆ ಇಳಿಯುತ್ತದೆ. ಮೋಟರ್‌ಗೆ ಸಿಗುವುದು ಹಳೇ ಸುದ್ದಿ. ಕೈ ಒಳಗೆ ಹೋಗುವಾಗ ತಡೆ ಕಮ್ಮಿ, ಹೊರಗೆ ಬರುವಾಗ ನೂಕು ಜಾಸ್ತಿ. ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಗೋಡೆಯಿಂದ ವಾಪಸ್ ಬರುತ್ತದೆ. ನಡುಕ ಹುಟ್ಟುವುದು ಅಲ್ಲಿಂದ. ಆ ಸಾಲು ತೆಗೆದರು, ಗೋಡೆ ತೆಪ್ಪಗಾಯಿತು. ಸ್ಯಾಂಪ್ಲಿಂಗ್ ಟೈಮ್ (ಸೆನ್ಸರ್‌ನ ಒಂದು ಓದಿಗೂ ಮುಂದಿನದಕ್ಕೂ ನಡುವಿನ ಸಮಯ) ಬಗ್ಗೆ ಆಮೇಲೆ ನಾನು ಹೆಚ್ಚು ಹೇಳಬೇಕಾಗಲಿಲ್ಲ.

ಡ್ಯಾಂಪಿಂಗ್ ಸೇರಿಸಿದರೂ ನಡುಕ ತಗ್ಗುತ್ತದೆ. ಆದರೆ ವೇಗವನ್ನು ಸ್ಥಾನದ ವ್ಯತ್ಯಾಸದಿಂದಲೇ ತೆಗೆಯಬೇಕು, ಸೆನ್ಸರಿನ ಗದ್ದಲವೂ ಅದರ ಜೊತೆ ಬರುತ್ತದೆ. ಫಿಲ್ಟರ್ ಹಾಕಿದರೆ ಮತ್ತೆ ತಡ. ಈ ಎಳೆದಾಟವನ್ನು ಹುಡುಗರು ತಾವೇ ಅನುಭವಿಸಿ ನೋಡಲಿ. ಎಲ್ಲವೂ ಕೈಗೆ ಸಿಗುವುದಿಲ್ಲ ಬಿಡಿ, ರೂಟ್ ಲೋಕಸ್‌ಗೆ (ಒಂದು ಅಂಶ ಬದಲಿಸಿದರೆ ವ್ಯವಸ್ಥೆಯ ವರ್ತನೆ ಹೇಗೆ ಬದಲಾಗುತ್ತದೆ ಅಂತ ತೋರಿಸುವ ನಕ್ಷೆ) ಇವತ್ತಿಗೂ ಕರಿಹಲಗೆಯೇ ಗತಿ.

ನೀವೂ ಮಾಡುವುದಾದರೆ ಬಲಕ್ಕೆ ಪ್ರೋಗ್ರಾಮಿನಲ್ಲೇ ಮಿತಿ ಹಾಕಿಡಿ. ತಿರುಗದೆ ನಿಂತ ಮೋಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ. ಹುಡುಗರು ಗೋಡೆಗೆ ಹಿಡಿಕೆ ಒತ್ತಿಕೊಂಡೇ ಹರಟೆ ಹೊಡೆಯುತ್ತಾರೆ, ಅಷ್ಟರಲ್ಲಿ ಮೋಟರ್ ಮುಟ್ಟಲಾಗದಷ್ಟು ಕಾದಿರುತ್ತದೆ.