ಅಜ್ಜನ ಟ್ರಂಕಿನಲ್ಲಿದ್ದ ಎರಡು ಬಾವುಟ

ಸೇನೆಯಲ್ಲಿದ್ದ ಅಜ್ಜ ತೀರಿಕೊಂಡ ಮೇಲೆ ಸೋಮವಾರಪೇಟೆಯ ಮನೆಯ ಅಟ್ಟದಿಂದ ಅವರ ಕಪ್ಪು ಟ್ರಂಕು ಇಳಿಸಿದೆವು. ಮೆಡಲ್‌ಗಳ ಕೆಳಗೆ ಎರಡು ಚಿಕ್ಕ ಬಾವುಟಗಳಿದ್ದವು. ಒಂದರಲ್ಲಿ ಮೂರು ಪಟ್ಟೆ. ಇನ್ನೊಂದು ಕಪ್ಪು ಬಟ್ಟೆ, ಅದರ ಮೇಲೆ ಕೆಂಪು ಹದ್ದು. ಅತ್ತೆ ಎರಡನ್ನೂ ಸೋಪಿನ ನೀರಲ್ಲಿ ನೆನೆಸೋಕೆ ಹೊರಟಿದ್ದರು, ಬೇಡ ಅತ್ತೆ ಅಂತ ಕೈಯಿಂದ ಇಸ್ಕೊಂಡೆ. ಹಳೇ ಕೆಂಪು ನೀರಿಗೆ ಬಣ್ಣ ಬಿಡಬಹುದು, ಅದಕ್ಕಿಂತ ಹೆಚ್ಚಾಗಿ ಕೊಳೆ, ಕಲೆಯಲ್ಲೇ ಸುಳಿವು ಇರುತ್ತದೆ.

ಇಲ್ಲಿ ಸಿಕ್ಕಿದ್ದೂ ಹಾಗೇ. ಎರಡಕ್ಕೂ ಒಂದು ಅಂಚಿನಲ್ಲಿ ಕೊಳವೆ ಥರ ಹೊಲಿಗೆ, ಅದರೊಳಗೆ ತುಕ್ಕಿನ ಕಲೆ. ಎದುರಿನ ಅಂಚು ಗಾಳಿಗೆ ಬಡಿದೂ ಬಡಿದೂ ನೂಲು ನೂಲಾಗಿತ್ತು. ಅಂದರೆ ಕಬ್ಬಿಣದ ಕಡ್ಡಿಗೆ ಸಿಕ್ಕಿಸಿ ಗಾಡಿ ಮೇಲೆ ಹಾರಿಸಿದ್ದು, ಗೋಡೆಗೆ ತೂಗುಹಾಕುವ ನೆನಪಿನ ಕಾಣಿಕೆಯಲ್ಲ.

ಪಟ್ಟೆಗಳ ಬಣ್ಣ ಮಾತ್ರ ತುಂಬಾ ಸತಾಯಿಸಿತು. ಬಿಸಿಲಿಗೆ ಒಂದು ಬೂದಿಯಾಗಿತ್ತು, ಒಂದು ನೇರಳೆಗೆ ತಿರುಗಿತ್ತು. ಹೊಲಿಗೆಯ ಮಡಿಕೆಯನ್ನು ಮೆಲ್ಲಗೆ ಬಿಡಿಸಿ ನೋಡಿದೆ, ಬೆಳಕು ಬೀಳದ ಜಾಗದಲ್ಲಿ ಮೂಲ ಬಣ್ಣ ಹಾಗೇ ಉಳಿದಿತ್ತು: ತಿಳಿನೀಲಿ, ಕಡುನೀಲಿ, ಹಸಿರು. ಆಕಾಶ, ಸಮುದ್ರ, ನೆಲ. ಇದು ಸೇನೆಯ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ದಳದ ಬಣ್ಣ. ರಕ್ಷಾ ಮೆಡಲ್‌ನ ಅಂಚನ್ನು ಭೂತಗನ್ನಡಿಯಲ್ಲಿ ತಿರುಗಿಸಿ ನೋಡಿದರೆ ಅಜ್ಜನ ನಂಬರು, ರ‍್ಯಾಂಕು, ಹೆಸರು, ಕೊನೆಗೆ ಅದೇ ಸಿಗ್ನಲ್ಸ್. ಎದೆ ತುಂಬಿ ಬಂತು.

ಹದ್ದಿನ ವಿಷಯದಲ್ಲಿ ನಾನು ಅವಸರಪಟ್ಟೆ. ಕೆಂಪು ಹದ್ದು ಅಂತ ಹುಡುಕಿದರೆ ಬರೋದೆಲ್ಲ ಎರಡನೇ ಮಹಾಯುದ್ಧದ ಚಿತ್ರಗಳು, 1941ರಲ್ಲಿ ಎರಿಟ್ರಿಯಾದ ಕೆರೆನ್, 1944ರಲ್ಲಿ ಇಟಲಿಯ ಮಾಂಟೆ ಕಸಿನೊ ಕದನಗಳದ್ದು. ಅಜ್ಜ ಇಟಲಿಯಲ್ಲಿ ಹೋರಾಡಿದ್ದರು ಅಂತ ಮನೆಮಂದಿಗೆಲ್ಲ ಹೇಳಿಬಿಟ್ಟೆ. ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ಕು ತೆಗೆದು ನೋಡಿದಾಗಲೇ ಗೊತ್ತಾಗಿದ್ದು, ಅವರು ಸೇನೆಗೆ ಸೇರಿದ್ದು 1959ರಲ್ಲಿ! ಆ ಹದ್ದು ಭಾರತೀಯ ಸೇನೆಯ ನಾಲ್ಕನೇ ಡಿವಿಷನ್‌ನ ಗುರುತು, ಸ್ವಾತಂತ್ರ್ಯದ ನಂತರವೂ ಡಿವಿಷನ್ ಅದನ್ನೇ ಉಳಿಸಿಕೊಂಡಿತ್ತು. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣ್ ಹತ್ತಿರದ ಅಸಲ್ ಉತ್ತರ ಎಂಬ ಹಳ್ಳಿಯಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದು ನಿಲ್ಲಿಸಿದ್ದು ಇದೇ ಡಿವಿಷನ್. ಟ್ರಂಕಿನಲ್ಲಿ ಆ ಯುದ್ಧದ ಸಮರ ಸೇವಾ ಸ್ಟಾರ್ ಎಂಬ ಪದಕ ಕೂಡ ಇತ್ತು. ರಕ್ಷಾ ಮೆಡಲ್ ಆ ಹೊತ್ತಿಗೆ ಸೇವೆಯಲ್ಲಿದ್ದ ಬಹಳ ಜನಕ್ಕೆ ಸಿಕ್ಕಿದೆ, ಈ ಸ್ಟಾರ್ ಸಿಗೋದು ಕಾರ್ಯಾಚರಣೆಯ ಜಾಗದಲ್ಲಿ ಇದ್ದವರಿಗೆ. ಹಾಗಾಗಿ ಚಿಹ್ನೆ ನೋಡಿ ಇಸವಿ ಹೇಳಬೇಡಿ, ಮೊದಲು ಸೇವೆಯ ದಾಖಲೆ ನೋಡಿ.

ಇನ್ನೊಂದು ಮಾತು. ಗಾಡಿಯ ಬಾವುಟ ಆ ಗಾಡಿಯಲ್ಲಿ ಓಡಾಡಿದ ಸಾಹೇಬರದ್ದೋ ಯೂನಿಟ್ಟಿನದ್ದೋ ಆಗಿರುತ್ತದೆ, ಅದನ್ನು ಇಟ್ಟುಕೊಂಡವರ ರ‍್ಯಾಂಕನ್ನು ಅದು ಹೇಳುವುದಿಲ್ಲ. ನಮ್ಮ ಅಜ್ಜ ವೈರ್‌ಲೆಸ್ ಆಪರೇಟರ್. ಅದೂ ಡಿಸ್ಚಾರ್ಜ್ ಬುಕ್ಕಿನಲ್ಲೇ ಇತ್ತು.

ಮಡಚಿಟ್ಟ ಗೆರೆಗಳಲ್ಲಿ ಬಟ್ಟೆ ಸೀಳತೊಡಗಿತ್ತು. ಅದಕ್ಕೆ ಎರಡನ್ನೂ ಈಗ ಒಗೆದ ಬಿಳಿ ಹತ್ತಿ ಪಂಚೆಯಲ್ಲಿ ಸುರುಳಿ ಸುತ್ತಿ ಇಟ್ಟಿದ್ದೇನೆ. ಜೊತೆಗೆ ಒಂದು ಚೀಟಿಯಲ್ಲಿ ಅಜ್ಜನ ಆರ್ಮಿ ನಂಬರು ಬರೆದಿಟ್ಟೆ. ಅದೇ ನಂಬರು ಹಾಕಿ ಜಬಲ್ಪುರದ ಸಿಗ್ನಲ್ಸ್ ರೆಕಾರ್ಡ್ಸ್‌ಗೆ ಪತ್ರ ಹಾಕಿದ್ದೇನೆ, 1965ರಲ್ಲಿ ಅವರು ಯಾವ ಕಂಪನಿಯಲ್ಲಿದ್ದರು ಅಂತ ಕೇಳಿ.