ನೇರ ಪ್ರಸಾರದ ಸ್ಕಿಟ್ ಶೋ: ಒಂದು ಸಂಚಿಕೆಗೆ ವಿಮರ್ಶೆ ಬರೆಯುವ ಬಗೆ

ಸ್ಕಿಟ್ ಕಾಮಿಡಿ ಕನ್ನಡದ ಮನೆಗಳಿಗೆ ಹೊಸದಲ್ಲ. ‘ಕಾಮಿಡಿ ಕಿಲಾಡಿಗಳು’, ‘ಮಜಾ ಟಾಕೀಸ್’ ಹೆಸರು ಕೇಳದವರು ಸಿಗುವುದು ಕಷ್ಟ. ಆದರೆ ಅವು ಮೊದಲೇ ಚಿತ್ರೀಕರಿಸಿ, ಬೇಡದ್ದನ್ನು ಕತ್ತರಿಸಿ, ಬೇಕಾದಲ್ಲಿ ಸದ್ದು ಸೇರಿಸಿ ಪ್ರಸಾರವಾಗುವ ಕಾರ್ಯಕ್ರಮಗಳು. ನ್ಯೂಯಾರ್ಕಿನ ‘ಸಾಟರ್ಡೇ ನೈಟ್ ಲೈವ್’ ಹಾಗಲ್ಲ. 1975ರ ಅಕ್ಟೋಬರ್ 11ರಂದು ಎನ್‌ಬಿಸಿ ವಾಹಿನಿಯಲ್ಲಿ ಶುರುವಾದ ಈ ಶೋ ಇವತ್ತಿಗೂ ರಾಕ್‌ಫೆಲರ್ ಸೆಂಟರಿನ 8ಎಚ್ ಸ್ಟುಡಿಯೋದಿಂದ ನೇರವಾಗಿ ಬರುತ್ತದೆ. ನಟ ಮಾತು ಮರೆತರೆ ಅದೂ ಪ್ರಸಾರವಾಗುತ್ತದೆ. ಹೀಗಾಗಿ ಸಿನಿಮಾ ವಿಮರ್ಶೆಯ ಅಳತೆಗೋಲು ಇಲ್ಲಿ ಸಾಲದು. ಸಂಚಿಕೆಯನ್ನು ಅದು ನಡೆದ ಕ್ರಮದಲ್ಲೇ, ಒಂದೇ ಸಲಕ್ಕೆ ಕೂತು ನೋಡಬೇಕು. ಯೂಟ್ಯೂಬಿನ ನಾಲ್ಕು ತುಣುಕು ನೋಡಿ ಬರೆದದ್ದು ಆ ತುಣುಕುಗಳ ಬಗ್ಗೆ ಟಿಪ್ಪಣಿಯಾಗುತ್ತದೆಯೇ ಹೊರತು ಸಂಚಿಕೆಯ ವಿಮರ್ಶೆಯಾಗುವುದಿಲ್ಲ.

ಮೊದಲು ಸಮಯದ ಲೆಕ್ಕ. ಶೋ ಅಲ್ಲಿ ಶನಿವಾರ ರಾತ್ರಿ 11.30ಕ್ಕೆ ಶುರುವಾಗುತ್ತದೆ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಆಗ ಭಾನುವಾರ ಬೆಳಿಗ್ಗೆ. ಅಮೆರಿಕದಲ್ಲಿ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುವಾಗ ನಮ್ಮ 9 ಗಂಟೆ, ನವೆಂಬರಿನ ಮೊದಲ ಭಾನುವಾರ ಕಳೆದ ಮೇಲೆ ಮಾರ್ಚಿನ ಎರಡನೇ ಭಾನುವಾರದವರೆಗೆ 10 ಗಂಟೆ. ಗಡಿಯಾರ ಬದಲಾಗುವ ವಾರಗಳಲ್ಲಿ ಒಂದು ಗಂಟೆ ತಪ್ಪಿ ಕೂರುವವರು ಬಹಳ. ಆ ಎರಡು ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ನೇರವಾಗಿ ಸಿಗದೆ ಆಮೇಲೆ ನೋಡುವವರೂ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ನೋಡಿ.

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿದ್ದರೆ ಚಿತ್ರದ ಗುಣಮಟ್ಟವನ್ನು 480ಕ್ಕೆ ಇಳಿಸಿ. ಹಾಸ್ಯದ ಜೀವ ಇರುವುದು ಮಾತಿಗೂ ಮಾತಿಗೂ ನಡುವಿನ ಬಿಡುವಿನಲ್ಲಿ. ಅಲ್ಲಿ ವಿಡಿಯೊ ಎರಡು ಸೆಕೆಂಡು ತಿರುಗುತ್ತಾ ನಿಂತರೆ ಒಳ್ಳೆಯ ಜೋಕೂ ಸತ್ತಂತೆ ಕಾಣುತ್ತದೆ, ಬರೆಯುವವರು ಪಾಪದ ನಟನ ಟೈಮಿಂಗ್ ಸರಿಯಿಲ್ಲ ಎಂದುಬಿಡುತ್ತಾರೆ. ಹಾಗೆ ಅಡ್ಡಿಯಾದ ಭಾಗಕ್ಕೆ ಗುರುತು ಹಾಕಿ, ಮತ್ತೆ ನೋಡುವವರೆಗೆ ಅದರ ಬಗ್ಗೆ ತೀರ್ಪು ಕೊಡಬೇಡಿ. ಫೋನಿನ ಸ್ಪೀಕರಿಗಿಂತ ಇಯರ್‌ಫೋನ್ ಮೇಲು. ಸ್ಟುಡಿಯೋದ ಪ್ರೇಕ್ಷಕರು ಎಲ್ಲಿ ನಕ್ಕರು, ಎಲ್ಲಿ ಮರ್ಯಾದೆಗೆ ಚಪ್ಪಾಳೆ ತಟ್ಟಿದರು ಎಂಬುದು ಅದರಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.

ವಾರ ಹೇಗೆ ನಡೆಯುತ್ತದೆ ಎಂದು ತಿಳಿದಿರಬೇಕು

ಸೋಮವಾರ ನಿರ್ಮಾಪಕ ಲಾರ್ನ್ ಮೈಕೇಲ್ಸ್ ಅವರ ಕೋಣೆಯಲ್ಲಿ ಆ ವಾರದ ಅತಿಥಿ ನಿರೂಪಕರ (ಶೋ ನಡೆಸಿಕೊಡಲು ಬರುವ ಪ್ರಸಿದ್ಧ ವ್ಯಕ್ತಿ) ಮುಂದೆ ಬರಹಗಾರರು ತಮ್ಮ ಐಡಿಯಾಗಳನ್ನು ಹೇಳುತ್ತಾರೆ. ಮಂಗಳವಾರ ರಾತ್ರಿಯಿಡೀ ಬರವಣಿಗೆ. ಬುಧವಾರ ಸುಮಾರು 40 ಸ್ಕಿಟ್‌ಗಳನ್ನು ಎಲ್ಲರೂ ಕೂತು ಗಟ್ಟಿಯಾಗಿ ಓದುತ್ತಾರೆ, ಅದರಲ್ಲಿ ಹತ್ತು ಹನ್ನೆರಡು ಉಳಿಯುತ್ತವೆ. ಮುಂದಿನ ಎರಡು ದಿನ ಸೆಟ್ಟು, ಉಡುಪು, ವಿಗ್ಗು, ತಾಲೀಮು, ಮೊದಲೇ ಚಿತ್ರೀಕರಿಸಬೇಕಾದ ವಿಡಿಯೊಗಳ ಕೆಲಸ. ಶನಿವಾರ ರಾತ್ರಿ 8ಕ್ಕೆ ಬೇರೆಯೇ ಪ್ರೇಕ್ಷಕರ ಮುಂದೆ ಪೂರ್ತಿ ಡ್ರೆಸ್ ರಿಹರ್ಸಲ್. ಅದು ಪ್ರಸಾರವಾಗುವ ಶೋಗಿಂತ ಉದ್ದ. ಅಲ್ಲಿ ನಗು ಬಾರದ್ದನ್ನು ತೆಗೆದು, ಉಳಿದದ್ದರ ಕ್ರಮ ಬದಲಿಸಿ, ಮಾತು ತಿದ್ದಿ 11.30ಕ್ಕೆ ಪ್ರಸಾರಕ್ಕೆ ಹೋಗುತ್ತಾರೆ.

ಇಷ್ಟು ಗೊತ್ತಿದ್ದರೆ ವಿಮರ್ಶೆಯ ದೃಷ್ಟಿಯೇ ಬದಲಾಗುತ್ತದೆ. ನಟರು ಎದುರಿನವರ ಮುಖ ಬಿಟ್ಟು ಪಕ್ಕಕ್ಕೆ ನೋಡುವುದು ಅಲ್ಲಿ ಹಿಡಿದಿರುವ ಕೈಬರಹದ ಕಾರ್ಡುಗಳನ್ನು ಓದಲು. ರಿಹರ್ಸಲ್ ಮುಗಿದ ಮೇಲೂ ಮಾತು ಬದಲಾಗುವುದರಿಂದ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಆದ್ದರಿಂದ ಕಾರ್ಡ್ ನೋಡಿದ್ದನ್ನೇ ತಪ್ಪೆಂದು ಬರೆಯಬೇಡಿ. ಕಾರ್ಡ್ ನೋಡುತ್ತಲೇ ಎದುರಿನ ಪಾತ್ರದ ಜೊತೆ ಸಂಬಂಧ ಉಳಿಸಿಕೊಂಡರೇ, ಅಥವಾ ಓದುವ ಧಾಟಿಗೆ ಬಿದ್ದರೇ ಎಂದು ನೋಡಿ. ಚಿತ್ರೀಕರಿಸಿದ ವಿಡಿಯೊ ನಡುವೆ ಬರುವುದಕ್ಕೂ ಕಾರಣವಿದೆ. ಅದು ಓಡುತ್ತಿರುವಾಗ ಸೆಟ್ಟು ಬದಲಾಗುತ್ತದೆ, ನಟರು ವೇಷ ಬದಲಿಸುತ್ತಾರೆ. ವಿಡಿಯೊಗೂ ವೇದಿಕೆಯ ಸ್ಕಿಟ್‌ಗೂ ಒಂದೇ ಅಂಕ ಕೊಡುವುದು ಅನ್ಯಾಯ. ವಿಡಿಯೊಗೆ ಎಡಿಟಿಂಗ್ ಟೇಬಲ್ಲಿನ ಅನುಕೂಲವಿದೆ, ವೇದಿಕೆಗೆ ಇಲ್ಲ.

ಟಿಪ್ಪಣಿ ಹಾಳೆ

ಎ4 ಹಾಳೆಯನ್ನು ಅಡ್ಡ ಹಿಡಿದು ಐದು ಕಾಲಂ ಎಳೆಯಿರಿ: ಗಡಿಯಾರ, ಬಗೆ, ಒಂದೇ ಸಾಲಿನಲ್ಲಿ ವಿಷಯ, ನಗು, ಮುಕ್ತಾಯ. ಒಂದು ಸಂಚಿಕೆಗೆ ಎರಡು ಹಾಳೆ ಸಾಕು. ಪೂರ್ಣ ವಾಕ್ಯ ಬರೆಯಲು ಹೋದರೆ ಕಣ್ಣು ಪರದೆ ಬಿಟ್ಟು ಹಾಳೆಗೆ ಹೋಗುತ್ತದೆ, ಅಷ್ಟರಲ್ಲಿ ನಟನ ಮುಖದ ಮೇಲಿನ ಅರ್ಧ ಹಾಸ್ಯ ಕೈತಪ್ಪಿರುತ್ತದೆ. ನಗುವಿಗೆ ಮೂರೇ ಗುರುತು ಇಟ್ಟುಕೊಳ್ಳಿ: ಪ್ರೇಕ್ಷಕರು ನಕ್ಕರೆ ಅಡ್ಡಗೆರೆ, ನಿಮಗೆ ನಗು ಬಂದರೆ ಚುಕ್ಕೆ, ನಗು ಬರಬೇಕಾದಲ್ಲಿ ಮೌನವಾದರೆ ಸೊನ್ನೆ. ಗೆರೆ ಇದ್ದು ಚುಕ್ಕೆ ಇಲ್ಲದ ಜಾಗಗಳು ಮುಖ್ಯ. ಅಲ್ಲಿ ನಿಮಗೆ ತಿಳಿಯದ ಯಾವುದೋ ಅಮೆರಿಕದ ಸಂಗತಿ ಇದೆ, ಇಲ್ಲವೇ ಪ್ರೇಕ್ಷಕರು ಪ್ರಸಿದ್ಧ ಮುಖ ಕಂಡ ಖುಷಿಗೆ ಕೂಗಿದ್ದಾರೆ. ಎರಡರಲ್ಲಿ ಯಾವುದೆಂದು ಹುಡುಕದೆ ‘ನಗು ಬರಲಿಲ್ಲ’ ಎಂದು ಬರೆಯಬಾರದು.

‘ಬಗೆ’ ಕಾಲಮ್ಮಿಗೆ ಶೋದ ಚೌಕಟ್ಟು ಗೊತ್ತಿರಬೇಕು. ಶುರುವಿನ ಸ್ಕಿಟ್ ಹೆಚ್ಚಾಗಿ ರಾಜಕೀಯದ ಅಣಕ, ಕೊನೆಗೆ ‘ಲೈವ್ ಫ್ರಮ್ ನ್ಯೂಯಾರ್ಕ್, ಇಟ್ಸ್ ಸಾಟರ್ಡೇ ನೈಟ್’ ಎಂಬ ಕೂಗು. ನಂತರ ಅತಿಥಿ ನಿರೂಪಕರ ಭಾಷಣ, ಸ್ಕಿಟ್‌ಗಳು, ಸಂಗೀತದ ಅತಿಥಿಯ ಮೊದಲ ಹಾಡು, ಮಧ್ಯದಲ್ಲಿ ಸುದ್ದಿಯ ಅಣಕವಾದ ‘ವೀಕೆಂಡ್ ಅಪ್‌ಡೇಟ್’, ಮತ್ತೆ ಸ್ಕಿಟ್, ಎರಡನೇ ಹಾಡು, ಕೊನೆಯ ಸ್ಕಿಟ್, ಎಲ್ಲರೂ ವೇದಿಕೆಯಲ್ಲಿ ನಿಂತು ವಿದಾಯ. ಒಟ್ಟು 90 ನಿಮಿಷ, ಜಾಹೀರಾತೂ ಸೇರಿ. ರಾತ್ರಿ ಒಂದಕ್ಕೆ ಹತ್ತು ನಿಮಿಷ ಇರುವಾಗ ಬರುವ ಕೊನೆಯ ಸ್ಕಿಟ್ಟನ್ನು ವಿಶೇಷ ಗಮನದಿಂದ ನೋಡಿ. ಎಲ್ಲರನ್ನೂ ಮೆಚ್ಚಿಸುವ ಹೊರೆ ಇಲ್ಲದ ಆ ಜಾಗಕ್ಕೆ ತೀರಾ ವಿಚಿತ್ರವಾದ ಬರವಣಿಗೆ ಬರುತ್ತದೆ. ಶುರುವಿನ ಸ್ಕಿಟ್ಟಿನಿಂದ ಕೇಳುವ ಅಚ್ಚುಕಟ್ಟನ್ನು ಇದರಿಂದಲೂ ಕೇಳಿದರೆ ಅದರ ಗುಣವೇ ಕಾಣುವುದಿಲ್ಲ.

ಸ್ಕಿಟ್ ಬಿಚ್ಚುವುದು

ವಿಮರ್ಶೆಯ ನಿಜವಾದ ಕೆಲಸ ಇಲ್ಲಿದೆ. ಪ್ರತಿ ಸ್ಕಿಟ್ಟಿಗೂ ನಾಲ್ಕು ಪ್ರಶ್ನೆ ಕೇಳಿ. ಇಲ್ಲಿ ಏನು ಎಡವಟ್ಟಾಗಿದೆ? ಅದು ಎಷ್ಟನೇ ಸೆಕೆಂಡಿಗೆ ನಮಗೆ ತಿಳಿಯಿತು? ಆಮೇಲೆ ಅದು ಬೆಳೆಯಿತೇ, ಅಥವಾ ಅದನ್ನೇ ತಿರುಗಿಸಿ ಹೇಳಿದರೇ? ಕೊನೆ ಬಂತೇ, ಅಥವಾ ನಿಂತುಹೋಯಿತೇ?

ಒಂದು ಕಲ್ಪಿತ ಸ್ಕಿಟ್ ತೆಗೆದುಕೊಳ್ಳೋಣ. ಬೇಲೂರು ರಸ್ತೆಯ ಒಂದು ಕಲ್ಯಾಣ ಮಂಟಪ. ಫೋಟೊಗ್ರಾಫರ್ ವಧೂವರರನ್ನು ಬಿಟ್ಟು ಪುರೋಹಿತರಿಗೇ ಪೋಸು ಹೇಳಿಕೊಡುತ್ತಿದ್ದಾನೆ. ಎಡವಟ್ಟು ಅದು. ಮೊದಲ 30 ಸೆಕೆಂಡಿನಲ್ಲಿ ಇದು ಗೊತ್ತಾದರೆ ಸರಿ, ಒಂದೂವರೆ ನಿಮಿಷವಾದರೂ ಬರೀ ಮದುವೆಯ ಗದ್ದಲವೇ ನಡೆದರೆ ಶುರು ಜೋಲುಬಿದ್ದಿದೆ. ಮುಂದೆ ಪುರೋಹಿತರು ಮೊದಲು ಸಿಡುಕಿ, ಆಮೇಲೆ ತಾವೇ ಶಲ್ಯ ಸರಿಮಾಡಿಕೊಂಡು, ಕೊನೆಗೆ ‘ಇನ್ನೊಂದು ಸಲ ತಗೊಳ್ಳಪ್ಪಾ’ ಎಂದು ತಾಳಿ ಕಟ್ಟುವುದನ್ನೇ ತಡೆದರೆ ಸ್ಕಿಟ್ ಬೆಳೆದಿದೆ. ಫೋಟೊಗ್ರಾಫರ್ ಐದು ಸಲ ಐದು ಪೋಸು ಹೇಳಿದ್ದಷ್ಟೇ ಆದರೆ ಬೆಳೆದಿಲ್ಲ, ಉದ್ದವಾಗಿದೆ. ‘ಮದುವೆ ಸ್ಕಿಟ್ ಚೆನ್ನಾಗಿತ್ತು, ಸ್ವಲ್ಪ ಬೋರಾಯಿತು’ ಎಂಬ ಸಾಲು ಓದುಗನಿಗೆ ಏನೂ ಕೊಡುವುದಿಲ್ಲ. ‘ಪುರೋಹಿತರು ಪೋಸಿಗೆ ಒಪ್ಪಿದ ಕ್ಷಣದಲ್ಲಿ ಸ್ಕಿಟ್ ಉತ್ತುಂಗಕ್ಕೆ ಹೋಯಿತು, ನಂತರದ ಎರಡು ನಿಮಿಷದಲ್ಲಿ ಅವರಿಗೆ ಮಾಡಲು ಹೊಸದೇನೂ ಉಳಿಯಲಿಲ್ಲ’ ಎಂದರೆ ನೋಡದವನಿಗೂ ಅರ್ಥವಾಗುತ್ತದೆ.

ಈ ಶೋದ ಸ್ಕಿಟ್‌ಗಳಲ್ಲಿ ಹೆಚ್ಚು ಸೋಲುವುದು ಮುಕ್ತಾಯವೇ. ನಾಲ್ಕೈದು ನಿಮಿಷದ ಸ್ಕಿಟ್ ಥಟ್ಟನೆ ಚಪ್ಪಾಳೆಗೆ ಕಟ್ಟಾದರೆ ಬರಹ ಸೋತಿರಬಹುದು, ರಿಹರ್ಸಲ್ ನಂತರ ಸಮಯಕ್ಕಾಗಿ ಕತ್ತರಿ ಬಿದ್ದಿರಲೂಬಹುದು. ಹೊರಗಿನಿಂದ ಎರಡನ್ನು ಬೇರೆ ಮಾಡಲಾಗದು. ‘ಕೊನೆ ಕತ್ತರಿಸಿದಂತಿದೆ’ ಎಂದು ಕಂಡದ್ದನ್ನು ಬರೆಯಿರಿ, ಕಾರಣ ಊಹಿಸಬೇಡಿ.

ಬರಹ, ಅಭಿನಯ, ನೇರ ಪ್ರಸಾರದ ಪರಿಸ್ಥಿತಿ ಮೂರನ್ನೂ ಬೇರೆ ಬೇರೆ ತೂಗಬೇಕು. ನಟರು ಪಾತ್ರ ಬಿಟ್ಟು ನಕ್ಕುಬಿಡುವುದು ಇದಕ್ಕೆ ಕಠಿಣ ಪರೀಕ್ಷೆ. ಪ್ರೇಕ್ಷಕರಿಗೆ ಅದು ಇಷ್ಟ, ಗೆರೆಗಳು ತುಂಬುತ್ತವೆ. ಆದರೆ ನಗು ಬಂದದ್ದು ಸ್ಕಿಟ್ಟಿನಿಂದಲೋ ನಟನ ಪಜೀತಿಯಿಂದಲೋ? ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನ ನೋಡಿದವರಿಗೆ ಈ ವ್ಯತ್ಯಾಸ ಹೊಸದಲ್ಲ. ಹಾಸ್ಯಗಾರ ಪ್ರಸಂಗದ ಒಳಗಿದ್ದೇ ಹೊಸ ಮಾತು ಕಟ್ಟುವುದು ಬೇರೆ, ಪ್ರಸಂಗ ಬಿಟ್ಟು ಸಭೆಯನ್ನು ನಗಿಸುವುದು ಬೇರೆ. ಅದೇ ಕಣ್ಣು ಇಲ್ಲಿಗೂ ತನ್ನಿ. ಅಭ್ಯಾಸ ಬೇಕೆನಿಸಿದರೆ ಹಾಸನಾಂಬ ಕಲಾಕ್ಷೇತ್ರದಲ್ಲೋ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲೋ ನಡೆಯುವ ಹಾಸ್ಯ ನಾಟಕಕ್ಕೆ ಇದೇ ಐದು ಕಾಲಮ್ಮಿನ ಹಾಳೆ ಹಿಡಿದು ಕೂರಿ. ಸಭೆಯ ನಗುವನ್ನು ಕಿವಿಯಿಂದ ಅಳೆಯುವುದು ನೇರ ರಂಗದ ಮುಂದೆ ಬೇಗ ಕೈಗೆ ಹತ್ತುತ್ತದೆ.

‘ವೀಕೆಂಡ್ ಅಪ್‌ಡೇಟ್’ಗೆ ಬೇರೆ ಲೆಕ್ಕ. ಕಾಲಿನ್ ಜೋಸ್ಟ್ ಮತ್ತು ಮೈಕೆಲ್ ಚೇ 2014ರಿಂದ ಜೊತೆಯಾಗಿ ಓದುತ್ತಿರುವ ಈ ಭಾಗದಲ್ಲಿ ಒಂದೊಂದು ಜೋಕೂ ಎರಡು ಮೂರು ಸಾಲು. ಸುದ್ದಿಯ ಸಾಲು ಗೊತ್ತಿಲ್ಲದಿದ್ದರೆ ಜೋಕು ತಲುಪುವುದಿಲ್ಲ. ಆದ್ದರಿಂದ ಶನಿವಾರ ಸಂಜೆ ಆ ವಾರದ ಅಮೆರಿಕದ ಮುಖ್ಯ ಸುದ್ದಿಗಳ ಮೇಲೆ ಅರ್ಧ ಗಂಟೆ ಕಣ್ಣಾಡಿಸಿ. ಆದರೆ ವಿಮರ್ಶೆಯಲ್ಲಿ ಜೋಕುಗಳನ್ನು ಪಟ್ಟಿ ಮಾಡಬೇಡಿ. ಯಾವ ಸುದ್ದಿಯನ್ನು ಮುಟ್ಟಿದರು, ಯಾವ ದೊಡ್ಡ ಸುದ್ದಿಯನ್ನು ಬಿಟ್ಟರು ಎಂಬುದು ಹೆಚ್ಚು ಹೇಳುತ್ತದೆ.

ಅತಿಥಿ ನಿರೂಪಕರ ವಿಷಯದಲ್ಲಿ ಅವರು ಎಷ್ಟು ಸ್ಕಿಟ್ಟಿನಲ್ಲಿದ್ದರು, ಅದರಲ್ಲಿ ಎಷ್ಟರಲ್ಲಿ ಕೇಂದ್ರ ಪಾತ್ರ ಎಂದು ಎಣಿಸಿ. ಕ್ರೀಡಾಪಟುವೊಬ್ಬರನ್ನು ಬರಹಗಾರರು ಸಪ್ಪಗೆ ಮಾತಾಡುವ ಪಾತ್ರಗಳಲ್ಲಿ ಕೂರಿಸಿ ಸುತ್ತ ಗಟ್ಟಿ ನಟರನ್ನು ನಿಲ್ಲಿಸಿದ್ದರೆ ಅದು ಜಾಣ ಬರವಣಿಗೆ, ಅದನ್ನು ಗುರುತಿಸಬೇಕು. ಹಾಡುಗಳಿಗೆ ಎರಡೆರಡು ಸಾಲು ಸಾಕು.

ಯಾವ ಆವೃತ್ತಿ ನೋಡಿದಿರಿ?

ನೇರ ಪ್ರಸಾರದಲ್ಲಿ ಬಂದದ್ದೇ ಆಮೇಲೆಯೂ ಸಿಗುತ್ತದೆ ಎಂಬ ಖಾತ್ರಿಯಿಲ್ಲ. 1992ರ ಅಕ್ಟೋಬರ್ 3ರಂದು ಗಾಯಕಿ ಶಿನೇಡ್ ಒ’ಕಾನರ್ ಹಾಡಿನ ಕೊನೆಗೆ ಪೋಪ್ ಅವರ ಚಿತ್ರವನ್ನು ಹರಿದರು. ಮರುಪ್ರಸಾರದಲ್ಲಿ ಆ ಜಾಗಕ್ಕೆ ರಿಹರ್ಸಲ್ಲಿನ ಹಾಡನ್ನು ಹಾಕಲಾಯಿತು. ಯೂಟ್ಯೂಬಿಗೆ ಏರಿಸುವ ಸ್ಕಿಟ್‌ಗಳಲ್ಲೂ ಕೆಲವೊಮ್ಮೆ ರಿಹರ್ಸಲ್ಲಿನ ಆವೃತ್ತಿ ಇರುತ್ತದೆ. ನೀವು ನೋಡಿದ್ದರಲ್ಲಿ ನಟ ತಡವರಿಸದೆ ಇರಬಹುದು, ಪ್ರಸಾರದಲ್ಲಿ ತಡವರಿಸಿರಬಹುದು. ಆದ್ದರಿಂದ ‘ನೇರವಾಗಿ ನೋಡಿದ್ದು’ ಅಥವಾ ‘ಯೂಟ್ಯೂಬ್ ತುಣುಕಿನಲ್ಲಿ ಕಂಡದ್ದು’ ಎಂದು ವಿಮರ್ಶೆಯಲ್ಲೇ ಒಂದು ಸಾಲು ಸೇರಿಸಿ. ಸಮಯ ಸಾಲದೆ ಬಿಟ್ಟ ಸ್ಕಿಟ್‌ಗಳನ್ನು ಶೋದವರು ‘ಕಟ್ ಫಾರ್ ಟೈಮ್’ ಹೆಸರಿನಲ್ಲಿ ಹಾಕುತ್ತಾರೆ. ಅವು ಸಂಚಿಕೆಯ ಭಾಗವಲ್ಲ, ಅಂಕಕ್ಕೆ ಸೇರಿಸಬಾರದು.

ಬರೆಯುವಾಗ

ಮುಗಿದ ಕೂಡಲೇ ಹಾಳೆ ತಿದ್ದಿ, ತಿಂಡಿ ತಿಂದು, ಒಂದು ಗಂಟೆ ಬಿಟ್ಟು ಬರೆಯಲು ಕೂರಿ. ಆ ಬಿಡುವಿನ ನಂತರವೂ ಹಾಳೆ ನೋಡದೆ ನೆನಪಾಗುವ ಮೂರು ಭಾಗಗಳೇ ಸಾಮಾನ್ಯವಾಗಿ ವಿಮರ್ಶೆಯ ಬೆನ್ನುಮೂಳೆ. ಆ ಮೂರನ್ನಷ್ಟೇ ಮತ್ತೆ ನೋಡಿ. ಎಲ್ಲವನ್ನೂ ಮತ್ತೆ ನೋಡಿದರೆ ಮೊದಲ ನೋಟದ ನಗು ಮಾಸಿ, ಎಲ್ಲವೂ ಒಂದೇ ಸಮ ಕಾಣತೊಡಗುತ್ತದೆ.

600ರಿಂದ 800 ಪದ ಸಾಕು. ಮೊದಲ ಪ್ಯಾರಾದಲ್ಲೇ ತೀರ್ಪು ಇರಲಿ: ಸಂಚಿಕೆ ಗೆದ್ದಿತೇ, ಎಲ್ಲಿ, ಯಾರಿಂದ. ನೋಡುವಾಗ ಕಾಪಾಡಿದ ಕ್ರಮವನ್ನು ಬರೆಯುವಾಗ ಬಿಡಬಹುದು. ‘ಮೊದಲು ಇದು, ಆಮೇಲೆ ಇದು’ ಎಂದು ಗಡಿಯಾರದ ಹಿಂದೆ ಹೋದರೆ ವರದಿಯಾಗುತ್ತದೆ. ಆದರೆ ಕ್ರಮವೇ ಅರ್ಥ ಕೊಟ್ಟಲ್ಲಿ ಹೇಳಲೇಬೇಕು. ಅಬ್ಬರದ ಎರಡು ಸ್ಕಿಟ್ ಒಂದರ ಹಿಂದೆ ಒಂದು ಬಂದು ಎರಡನೆಯದು ಸೋತಿದ್ದರೆ, ಆ ಸೋಲಿನಲ್ಲಿ ಜೋಡಿಸಿದವರ ಪಾಲೂ ಇದೆ.

ಇಂಗ್ಲಿಷಿನ ಪದಚಮತ್ಕಾರವನ್ನು ಅನುವಾದಿಸಲು ಹೋಗಬೇಡಿ, ಕನ್ನಡಕ್ಕೆ ಬರುವಷ್ಟರಲ್ಲಿ ಅದು ಒಣಗಿರುತ್ತದೆ. ಯಾರನ್ನು ಯಾವ ಗುಣಕ್ಕೆ ಚುಚ್ಚಿದರು ಎಂದು ಹೇಳಿ ಮುಂದೆ ಹೋಗಿ. ಅಮೆರಿಕದ ಸಂಗತಿಗೆ ಅರ್ಧ ವಾಕ್ಯದ ವಿವರಣೆ ಸಾಕು, ಹಾಸನದ ಓದುಗ ಅಷ್ಟರಲ್ಲಿ ಹಿಡಿಯುತ್ತಾನೆ. ‘ಹೊಟ್ಟೆ ಹುಣ್ಣಾಗುವಂತೆ ನಗಿಸಿತು’ ಮಾದರಿಯ ಸವಕಲು ಮಾತು ಬಂದಲ್ಲೆಲ್ಲ ಅದನ್ನು ಹೊಡೆದುಹಾಕಿ, ನಟ ಆ ಕ್ಷಣದಲ್ಲಿ ಮಾಡಿದ್ದೇನು ಎಂದು ಬರೆಯಿರಿ.

ಅಂಕ ಕೊಡುವುದಾದರೆ ಸ್ಕಿಟ್‌ಗಳ ಅಂಕ ಕೂಡಿಸಿ ಸರಾಸರಿ ತೆಗೆಯಬೇಡಿ. ಎರಡು ಅಪೂರ್ವ ಸ್ಕಿಟ್, ನಾಲ್ಕು ಸೋತ ಸ್ಕಿಟ್ ಇರುವ ಸಂಚಿಕೆಗೂ, ಆರೂ ಸಾಧಾರಣವಾದ ಸಂಚಿಕೆಗೂ ಸರಾಸರಿ ಹೆಚ್ಚು ಕಡಿಮೆ ಒಂದೇ ಬರುತ್ತದೆ. ಮೊದಲನೆಯದೇ ಮೇಲು, ಅನುಮಾನವಿಲ್ಲ.

ಪ್ರಕಟಿಸುವ ಮುನ್ನ ಹೆಸರುಗಳನ್ನು ಪರೀಕ್ಷಿಸಿ. ಅಧಿಕೃತ ವಿಡಿಯೊದಲ್ಲಿ ನಿರೂಪಕರು ಉಚ್ಚರಿಸಿದ್ದನ್ನು ಕೇಳಿ ಕನ್ನಡದಲ್ಲಿ ಬರೆಯಿರಿ, ಕಾಗುಣಿತ ನೋಡಿ ಬರೆದರೆ ಅರ್ಧ ತಪ್ಪಾಗುತ್ತದೆ. ಒಂದು ಸಲ ಬರೆದ ರೂಪವನ್ನು ಮುಂದಿನ ಸಂಚಿಕೆಗಳಿಗೂ ಬದಲಿಸದೆ ಇಟ್ಟುಕೊಳ್ಳಲು ನಟವರ್ಗದ ಹೆಸರುಗಳ ಒಂದು ಪಟ್ಟಿ ಮಾಡಿಡಿ. ಹೊಸ ಸೀಸನ್ ಶುರುವಾಗುವಾಗ ತಂಡಕ್ಕೆ ಬಂದವರು, ಬಿಟ್ಟವರು ಇರುತ್ತಾರೆ, ಆಗ ಪಟ್ಟಿಯನ್ನೂ ತಿದ್ದಬೇಕು.